ಶಾರ್ಲಟ್ ಬ್ರಾಂಟೆ: ಒಬ್ಬ ಬೋಧಕರ ಮಗಳ ಚರಿತ್ರೆ

ನಮ್ಮ ಶಾಲೆಯ ಮೇಲಿನ ತರಗತಿಗಳಲ್ಲಿ ‘ಜೇನ್ ಏರ್’ ಎಂಬ ಆಂಗ್ಲ ಕಾದಂಬರಿಯನ್ನು ಸಂಕ್ಷೇಪವಾಗಿಯಾದರೂ ಓದಿದವರು ಈ ಸಂಚಿಕೆಯ ವಾಚಕಿಯರಲ್ಲಿ ಅನೇಕರಿರುವರು. ಆ ಕಥೆಯ ಕೊನೆಯ ಭಾಗದಲ್ಲಿ ಒಬ್ಬ ತರುಣ ಬೋಧಕನು ಕಥಾನಾಯಕಿಯನ್ನು ಹಿಂದುಸ್ಥಾನಕ್ಕೆ ಕರೆಯುತ್ತಾನೆ. ತನ್ನ ಹೆಂಡತಿಯಾಗಿ ಬಂದು ಇಲ್ಲಿಯ ಹೆಣ್ಣುಮಕ್ಕಳ ಶಾಲೆಗಳನ್ನು ನಡಿಸಬೇಕೆಂದು ಕೇಳುತ್ತಾನೆ. ಆಕೆಯು ಬರುವುದಿಲ್ಲ. ಬಂದಿದ್ದರೆ ನಮ್ಮಂಥ ಶಾಲೆಗೇ ಬರುತ್ತಿದ್ದಳಲ್ಲವೇ, ಮತ್ತೇಕೆ ಬರಲಿಲ್ಲವೆಂದು ಯಾರಾದರೊಬ್ಬ ಹುಡುಗಿಯು ಕೇಳದೆ ಈ ಪಾಠವು ಎಂದೂ ಮುಗಿದದ್ದಿಲ್ಲ. ಆ ಪ್ರಶ್ನೆಗೆ ನಾನು ತರಗತಿಯಲ್ಲಿ ಕೊಟ್ಟ ಉತ್ತರವು ನನಗೇ ಸಾಕೆನಿಸಿಲ್ಲ. ಉತ್ತರದ ಅರ್ಧವು ಪುಸ್ತಕದಲ್ಲಿದೆ. ಮಿಕ್ಕ ಅರ್ಧವು ಪುಸ್ತಕವನ್ನು ಬರೆದವಳ ಬದುಕಿನಲ್ಲಿದೆ. ಆದಕಾರಣ ಆ ಬದುಕನ್ನು ಇಲ್ಲಿ ಹೇಳಲು ಯತ್ನಿಸುವೆನು.

ಶಾರ್ಲಟ್ ಬ್ರಾಂಟೆಯು ೧೮೧೬ನೆಯ ಇಸವಿ ಏಪ್ರಿಲ್ ೨೧ರಂದು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಥಾರ್ನ್‌ಟನ್ ಎಂಬ ಊರಿನಲ್ಲಿ ಹುಟ್ಟಿದಳು. ತಂದೆಯಾದ ಪಾಟ್ರಿಕ್ ಬ್ರಾಂಟೆಯವರು ಐರ್ಲೆಂಡಿನ ಒಂದು ಬಡ ಕುಟುಂಬದ ಹತ್ತು ಮಕ್ಕಳಲ್ಲಿ ಹಿರಿಯರು. ಬಾಲ್ಯದಲ್ಲಿ ಕೈಕೆಲಸ ಮಾಡಿ, ಹರೆಯದಲ್ಲಿ ಹಳ್ಳಿಯ ಹುಡುಗರಿಗೆ ಪಾಠ ಹೇಳಿ, ೧೮೦೨ರಲ್ಲಿ ಕೇಂಬ್ರಿಜಿನ ಸೇಂಟ್ ಜಾನ್ಸ್ ಕಾಲೇಜನ್ನು ಸೇರಿದರು. ಅಲ್ಲಿ ಅವರ ಬಡತನವನ್ನು ಕಂಡು ಮರುಗಿ, ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ವಿಲ್ಬರ್‌ಫೋರ್ಸ್ ಮೊದಲಾದ ಧರ್ಮಿಷ್ಠರಿಂದ ಧನಸಹಾಯವು ದೊರೆಯುವಂತೆ ಕಾಗದ ಬರೆದವರು ಹೆನ್ರಿ ಮಾರ್ಟಿನ್ ಎಂಬವರು. ಈ ಮಾರ್ಟಿನರೇ ಮುಂದೆ ೧೮೦೬ರಲ್ಲಿ ಕಲ್ಕತ್ತೆಗೆ ಬಂದು, ಹೊಸ ಒಡಂಬಡಿಕೆಯನ್ನು ಹಿಂದುಸ್ಥಾನಿ ಭಾಷೆಗೂ ಪಾರಸಿಗೂ ತಂದು, ೧೮೧೨ರಲ್ಲಿ ತಮ್ಮ ಮೂವತ್ತೊಂದನೆಯ ವಯಸ್ಸಿನಲ್ಲಿ ತುರ್ಕಿ ದೇಶದ ತೋಕಾತ್ ಎಂಬಲ್ಲಿ ತೀರಿಕೊಂಡವರು. ಕಾದಂಬರಿಯ ಬೋಧಕನಲ್ಲಿ ಇವರ ಛಾಯೆಯನ್ನು ವಿದ್ವಾಂಸರು ಕಂಡಿದ್ದಾರೆ. ಬ್ರಾಂಟೆಯವರ ಮನೆಗೂ ನಮ್ಮ ದೇಶಕ್ಕೂ ಇರುವ ನಂಟಿನ ಮೊದಲ ಎಳೆಯು ಇದು.

೧೮೨೦ರಲ್ಲಿ ಪಾಟ್ರಿಕ್‌ರವರಿಗೆ ಹಾವರ್ತ್ ಎಂಬ ಊರಿನ ಸಭೆಯು ದೊರೆಯಿತು. ಗುಡ್ಡದ ಮೇಲೆ ಊರು, ಊರ ತಲೆಯ ಕಡೆಗೆ ದೇವಾಲಯ, ಅದರ ಸುತ್ತ ಗೋರಿಗಳು, ಗೋರಿಗಳ ಅಂಚಿಗೆ ಬೋಧಕರ ಮನೆ, ಅದರಾಚೆಗೆ ಮರವಿಲ್ಲದ ಕುರುಚಲು ಬಯಲು. ಊರಿನ ನೀರು ಕೆಟ್ಟದ್ದು. ಶುದ್ಧವಾದ ನೀರಿಗಾಗಿ ಪಾಟ್ರಿಕ್‌ರವರೇ ಸರಕಾರಕ್ಕೆ ಬರೆದುಕೊಂಡ ಮೇಲೆ ೧೮೫೦ರಲ್ಲಿ ನಡೆದ ವಿಚಾರಣೆಯಲ್ಲಿ, ಅಲ್ಲಿ ಸತ್ತವರ ಸರಾಸರಿ ವಯಸ್ಸು ಇಪ್ಪತ್ತಾರು ವರುಷವನ್ನೂ ಮುಟ್ಟುವುದಿಲ್ಲವೆಂದೂ, ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿ ಆರು ವರುಷ ತುಂಬುವ ಮೊದಲೇ ಸಾಯುವರೆಂದೂ ತಿಳಿದುಬಂತು. ಇಂಥ ಊರಿಗೆ ಅವರು ಹೆಂಡತಿಯನ್ನೂ ಆರು ಮಕ್ಕಳನ್ನೂ ಕರೆತಂದರು. ಮರಿಯಾ, ಎಲಿಜಬೆತ್, ಶಾರ್ಲಟ್ ಎಂಬ ಮೂವರು ಹೆಣ್ಣುಮಕ್ಕಳು. ಬ್ರಾನ್‌ವೆಲ್ ಎಂಬ ಒಬ್ಬನೇ ಮಗನು. ಬಳಿಕ ಎಮಿಲಿ, ಆನ್. ಮರುವರುಷದ ಸೆಪ್ಟೆಂಬರಿನಲ್ಲಿ ತಾಯಿಯು ತೀರಿಕೊಂಡಳು. ಆಗ ಶಾರ್ಲಟಳಿಗೆ ಐದು ವರುಷ, ಆನಳಿಗೆ ಇನ್ನೂ ಎರಡು ತುಂಬಿರಲಿಲ್ಲ. ತಾಯಿಯ ಅಕ್ಕನು ದೂರದ ಕಾರ್ನ್‌ವಾಲಿನಿಂದ ಬಂದು ಮನೆಯನ್ನು ವಹಿಸಿಕೊಂಡಳು.

ಮುಂದಿನದು ನನಗೆ ಬರೆಯಲು ಕಷ್ಟವಾದ ಭಾಗ.

೧೮೨೪ರಲ್ಲಿ ಕೋವನ್ ಬ್ರಿಜ್ ಎಂಬಲ್ಲಿ ಬಡ ಬೋಧಕರ ಹೆಣ್ಣುಮಕ್ಕಳಿಗೆಂದು ಒಂದು ಬೋರ್ಡಿಂಗು ಶಾಲೆಯು ತೆರೆಯಿತು. ಅದನ್ನು ಸ್ಥಾಪಿಸಿದವರು ಕೇರಸ್ ವಿಲ್ಸನ್ ಎಂಬ ಧನವಂತರಾದ ಬೋಧಕರು. ಮಕ್ಕಳಿಗಾಗಿ ಭಕ್ತಿಯ ಮಾಸಪತ್ರಿಕೆಯೊಂದನ್ನು ನಡಿಸುತ್ತಿದ್ದವರೂ ಅವರೇ. ವರುಷಕ್ಕೆ ೧೪ ಪೌಂಡು ಕೊಟ್ಟರೆ ಊಟ, ವಸತಿ, ವಿದ್ಯೆ ಎಲ್ಲವೂ ಅಲ್ಲಿ ಉಂಟು. ಮಿಕ್ಕ ವೆಚ್ಚವು ಧರ್ಮವಂತರ ಚಂದಾದಿಂದ. ತಾಯಿಯಿಲ್ಲದ ಐದು ಹೆಣ್ಣುಮಕ್ಕಳ ತಂದೆಗೆ ಇದು ದೇವರೇ ತೆರೆದ ಬಾಗಿಲಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಅದೇ ವರುಷ ಮರಿಯಾ, ಎಲಿಜಬೆತ್, ಶಾರ್ಲಟ್, ಕಡೆಗೆ ಆರೇ ವರುಷದ ಎಮಿಲಿ ಅಲ್ಲಿಗೆ ಹೋದರು. ಗಂಜಿಯು ಆಗಾಗ ಸೀದಿರುತ್ತಿತ್ತು. ಭಾನುವಾರಗಳಲ್ಲಿ ಮಕ್ಕಳು ಚಳಿಯಲ್ಲಿ ಎರಡು ಮೈಲಿಗೂ ಮಿಕ್ಕಿ ನಡೆದು ದೇವಾಲಯವನ್ನು ಸೇರಿ, ಎರಡು ಆರಾಧನೆಗಳ ನಡುವೆ ಅಲ್ಲೇ ತಣ್ಣನೆಯ ತಿಂಡಿಯನ್ನು ತಿಂದು, ಸಾಯಂಕಾಲ ಮರಳಿ ನಡೆದುಬರಬೇಕಾಗಿತ್ತು. ೧೮೨೫ರ ವಸಂತದಲ್ಲಿ ಶಾಲೆಗೆ ಜ್ವರವು ಹೊಕ್ಕಿತು. ಮರಿಯಾ ಆ ಮೊದಲೇ ಕ್ಷಯದಿಂದ ಹಾಸಿಗೆ ಹಿಡಿದು ಮನೆಗೆ ಹೋಗಿದ್ದಳು. ಮೇ ೬ರಂದು ತೀರಿಕೊಂಡಳು. ಆಕೆಗೆ ಹನ್ನೊಂದು ವರುಷ. ಎಲಿಜಬೆತಳನ್ನು ಮೇ ತಿಂಗಳ ಕೊನೆಯ ದಿನ ಮನೆಗೆ ಕಳುಹಿಸಿದರು. ತಂದೆಯು ಅವಳ ಮುಖವನ್ನು ಕಂಡೊಡನೆ ಹೊರಟು ಮಿಕ್ಕಿಬ್ಬರನ್ನೂ ಕರೆತಂದರು. ಜೂನ್ ೧೫ರಂದು ಅವಳೂ ತೀರಿಕೊಂಡಳು. ಮೂರನೆಯ ಮಗಳಾದ ಶಾರ್ಲಟ್ ಒಂಬತ್ತನೆಯ ವಯಸ್ಸಿನಲ್ಲಿ ಮನೆಗೆ ಹಿರಿಯ ಮಗಳಾದಳು.

‘ಜೇನ್ ಏರ್’ ಓದಿದವರಿಗೆ ಲೋವುಡ್ ಶಾಲೆಯು ಯಾವುದೆಂದು ಈಗ ತಿಳಿದಿರಬೇಕು. ಬೈಗಳನ್ನು ತಾಳ್ಮೆಯಿಂದ ನುಂಗುವ, ಶತ್ರುವನ್ನು ಕ್ಷಮಿಸಬೇಕೆಂಬ ಕರ್ತನ ಮಾತನ್ನು ಅಕ್ಷರಶಃ ನಂಬುವ, ಜೇನಳ ತೆಕ್ಕೆಯಲ್ಲೇ ಪ್ರಾಣ ಬಿಡುವ ಹೆಲೆನ್ ಬರ್ನ್ಸ್ ಎಂಬ ಹುಡುಗಿಯು ಮರಿಯಾ. ಹಸಿದ ಮಕ್ಕಳಿಗೆ ರೊಟ್ಟಿಯನ್ನೂ ಗಿಣ್ಣನ್ನೂ ತರಿಸಿಕೊಟ್ಟ ಮಿಸ್ ಟೆಂಪಲ್ ಆ ಶಾಲೆಯ ಮೇಲ್ವಿಚಾರಕಿಯೇ. ಅಷ್ಟು ಕೆಟ್ಟ ನೆನಪಿನ ಶಾಲೆಯಲ್ಲಿಯೂ ಒಬ್ಬ ಒಳ್ಳೆಯ ಉಪಾಧ್ಯಾಯಿನಿ ಇದ್ದುದನ್ನು ಶಾರ್ಲಟ್ ಮರೆಯಲಿಲ್ಲ. ಇನ್ನು ಬ್ರಾಕಲ್‌ಹರ್ಸ್ಟ್ ಎಂಬ ಧರ್ಮಾಧಿಕಾರಿ: ಆ ರೊಟ್ಟಿಗಾಗಿ ಮಿಸ್ ಟೆಂಪಲಳನ್ನು ಗದರಿಸಿ, ವ್ಯರ್ಥ ಅಲಂಕಾರವೆಂದು ಬಡ ಹುಡುಗಿಯರ ಗುಂಗುರು ಕೂದಲನ್ನು ಕತ್ತರಿಸಲು ಆತನು ಅಪ್ಪಣೆ ಕೊಡುವಾಗಲೇ, ಆತನ ಹೆಂಡತಿಯೂ ಹೆಣ್ಣುಮಕ್ಕಳೂ ರೇಷ್ಮೆಯುಟ್ಟು, ಕೂದಲು ಸುರುಳಿಮಾಡಿಕೊಂಡು ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ಆತನೇ ಜೇನಳನ್ನು ಮಣೆಯ ಮೇಲೆ ನಿಲ್ಲಿಸಿ, ಇವಳು ಬ್ರಹ್ಮನನ್ನೂ ಜಗನ್ನಾಥನನ್ನೂ ಪೂಜಿಸುವ ಮಕ್ಕಳಿಗಿಂತಲೂ ಕೀಳೆಂದು ಇಡೀ ಶಾಲೆಯ ಮುಂದೆ ಸಾರುತ್ತಾನೆ. ಈ ಸಾಲಿಗೆ ಬಂದಾಗ ನಮ್ಮ ತರಗತಿಯಲ್ಲಿ ಕೆಲವು ಮುಖಗಳು ಬಾಡುವುದನ್ನು ಕಂಡಿದ್ದೇನೆ. ಆಗ ನಾನು ಹೇಳುವುದಿಷ್ಟೇ: ಲೇಖಕಿಯು ಆ ಮಾತನ್ನು ಯಾರ ಬಾಯಲ್ಲಿ ಇಟ್ಟಿದ್ದಾಳೆಂಬುದನ್ನು ನೋಡಿರಿ.

ನ್ಯಾಯಕ್ಕಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. ಶಾರ್ಲಟ್ ಸತ್ತ ಬಳಿಕ ೧೮೫೭ರಲ್ಲಿ ಮಿಸೆಸ್ ಗ್ಯಾಸ್ಕೆಲ್ ಎಂಬ ಕಾದಂಬರಿಕರ್ತೃವು ಆಕೆಯ ಚರಿತ್ರೆಯನ್ನು ಬರೆದು ಆ ಶಾಲೆಯ ಹೆಸರನ್ನು ಎತ್ತಿದಾಗ, ವಿಲ್ಸನರ ಪಕ್ಷದವರು ಪತ್ರಿಕೆಗಳಲ್ಲಿ ತೀವ್ರವಾಗಿ ಪ್ರತಿಭಟಿಸಿದರು. ಮಿಸೆಸ್ ಗ್ಯಾಸ್ಕೆಲ್ ತಮ್ಮ ಗ್ರಂಥವನ್ನು ತಿದ್ದಬೇಕಾಯಿತು. ಶಾಲೆಯು ಮುಂದೆ ಆರೋಗ್ಯಕರವಾದ ಬೇರೆ ಸ್ಥಳಕ್ಕೆ ಹೋಗಿ ಸುಧಾರಿಸಿತೆಂಬುದೂ ನಿಜ. ಸ್ಥಳವನ್ನು ಜನರು ಅಷ್ಟು ಬೇಗ ಗುರುತಿಸುವರೆಂದು ತಿಳಿದಿದ್ದರೆ ಹಾಗೆ ಬರೆಯುತ್ತಿರಲಿಲ್ಲವೆಂದು ಶಾರ್ಲಟಳೇ ಹೇಳಿದ್ದಳು. ಆದರೆ ತಾನು ಬರೆದುದರಲ್ಲಿ ಸುಳ್ಳು ಒಂದೂ ಇಲ್ಲವೆಂದೂ ಹೇಳಿದ್ದಳು. ವಿಲ್ಸನರು ಕೆಟ್ಟವರೆಂದು ನನಗೆ ತೋರುವುದಿಲ್ಲ. ಮಿತವ್ಯಯವು ಸದ್ಗುಣವೇ, ಅವರು ಅದನ್ನು ಪರರ ಮಕ್ಕಳ ಹೊಟ್ಟೆಯ ಮೇಲೆ ಅಭ್ಯಾಸ ಮಾಡಿದರು. ಚಂದಾಹಣದಿಂದ ಬೋರ್ಡಿಂಗು ನಡಿಸಿದ ಯಾರಿಗೂ ಈ ಅಪಾಯವು ಎಷ್ಟು ಹತ್ತಿರದ್ದೆಂದು ಗೊತ್ತು. ವರುಷಕ್ಕೊಮ್ಮೆ, ಹೊಸ ಮಕ್ಕಳು ಪೆಟ್ಟಿಗೆ ಹೊತ್ತುಕೊಂಡು ಬರುವ ಮುಂಚೆ, ನಾನು ಲೋವುಡಿನ ಅಧ್ಯಾಯಗಳನ್ನು ಮತ್ತೆ ಓದಿ, ಬಳಿಕ ಅಡಿಗೆಮನೆಗೆ ಹೋಗುತ್ತೇನೆ.

ಹಾವರ್ತಿಗೆ ಮರಳಿದ ಮಕ್ಕಳು ಮನೆಯಲ್ಲಿಯೇ ಬೆಳೆದರು. ತಂದೆಯು ೧೮೨೬ರಲ್ಲಿ ಮಗನಿಗೆ ತಂದ ಹನ್ನೆರಡು ಮರದ ಸಿಪಾಯಿಗಳಿಂದ ಒಂದು ರಾಜ್ಯವೇ ಹುಟ್ಟಿತು. ಅದರ ಚರಿತ್ರೆಯನ್ನು ನಾಲ್ವರೂ ಅಂಗೈಗಿಂತ ಚಿಕ್ಕದಾದ ಪುಸ್ತಕಗಳಲ್ಲಿ, ಸಾಸಿವೆಯಂಥ ಅಕ್ಷರಗಳಲ್ಲಿ ಬರೆದಿಟ್ಟರು.

೧೮೩೧ರ ಜನವರಿಯಲ್ಲಿ ಶಾರ್ಲಟ್ ಮತ್ತೊಮ್ಮೆ ಶಾಲೆಗೆ ಹೋದಳು. ಈ ಸಲ ಅದು ರೋ ಹೆಡ್ ಎಂಬಲ್ಲಿ ಮಿಸ್ ಮಾರ್ಗರೆಟ್ ವೂಲರ್ ನಡಿಸುತ್ತಿದ್ದ ಚಿಕ್ಕ ಶಾಲೆ. ಹುಡುಗಿಯರು ಹತ್ತರ ಆಸುಪಾಸಿನಲ್ಲಿದ್ದರು. ಸಮೀಪದೃಷ್ಟಿಯ, ಗಿಡ್ಡ ಮೈಯ, ಹಳೆಯ ಉಡುಪಿನ ಈ ಹುಡುಗಿಗೆ ಮಿಸ್ ವೂಲರ್ ಮೊದಲು ಕೆಳಗಿನ ತರಗತಿಯನ್ನು ಹೇಳಿ, ಆಕೆಯ ಕಣ್ಣೀರನ್ನು ಕಂಡು ಮೇಲಿನ ತರಗತಿಯಲ್ಲೇ ಕೂರಿಸಿದರು. ಒಂದೂವರೆ ವರುಷದಲ್ಲಿ ಆಕೆಯು ಮೊದಲಿಗಳಾದಳು. ೧೮೩೫ರಲ್ಲಿ ಅದೇ ಶಾಲೆಗೆ ಉಪಾಧ್ಯಾಯಿನಿಯಾಗಿ ಮರಳಿದಳು. ಆದರೆ ಪಾಠ ಹೇಳುವ ಕೆಲಸದಲ್ಲಿ ಆಕೆಯ ಮನಸ್ಸು ನಿಲ್ಲಲಿಲ್ಲ. ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಇದೇ ಕಾಲದಲ್ಲಿ ಆಕೆಯನ್ನು ಧರ್ಮಭೀತಿಯೊಂದು ಆವರಿಸಿತು. ದೇವರು ಆರಿಸಿಕೊಂಡವರಲ್ಲಿ ತಾನು ಸೇರಿಲ್ಲವೇನೋ, ಎಷ್ಟು ಪ್ರಾರ್ಥಿಸಿದರೂ ತನ್ನ ಹೃದಯವು ಶುದ್ಧವಾಗದೇನೋ ಎಂಬ ಸಂಕಟವು ಆಕೆಯು ಗೆಳತಿಯಾದ ಎಲೆನ್ ನಸಿಗೆ ಬರೆದ ಕಾಗದಗಳಲ್ಲಿ ತುಂಬಿದೆ. ಅಲ್ಲೇ ಓದುತ್ತಿದ್ದ ತಂಗಿ ಆನಳಿಗೂ ರೋಗದಲ್ಲಿ ಇಂಥದೇ ಭಯವು ಬಂದಾಗ, ಮೊರಾವಿಯನ್ ಸಭೆಯ ಬೋಧಕರೊಬ್ಬರು ಬಂದು ದೇವರ ಕ್ಷಮೆಯನ್ನು ಕುರಿತು ಸಂತೈಸಿದರು. ನರಕದ ಬೆಂಕಿಯನ್ನು ತೋರಿಸಿ ಮಗುವಿಗೆ ಭಕ್ತಿಯನ್ನು ಕಲಿಸಿದರೆ ಏನಾಗುವುದೆಂಬುದನ್ನು ಈ ಅಕ್ಕತಂಗಿಯರು ಪುಸ್ತಕದಿಂದ ತಿಳಿದುಕೊಂಡವರಲ್ಲ.

೧೮೩೬ರ ಕೊನೆಯಲ್ಲಿ ಆಕೆಯು ತನ್ನ ಪದ್ಯಗಳನ್ನು ರಾಜಕವಿಯಾದ ಸದೀ ಅವರಿಗೆ ಕಳುಹಿಸಿದಾಗ, ಸಾಹಿತ್ಯವು ಹೆಂಗಸಿನ ಬದುಕಿನ ಉದ್ಯೋಗವಾಗಲಾರದೆಂದು ಅವರು ಬುದ್ಧಿ ಹೇಳಿದರು. ೧೮೩೯ರಲ್ಲಿ ಎಲೆನಳ ಅಣ್ಣನು ಮದುವೆಗಾಗಿ ಕೇಳಿದನು. ಆತನೂ ಬೋಧಕನೇ, ಹೆಂಡತಿಯು ತನ್ನ ಕೆಲಸಕ್ಕೂ ಶಾಲೆಗೂ ಬೇಕೆಂಬುದು ಆತನ ಎಣಿಕೆ. ಆತನಿಗಾಗಿ ಪ್ರಾಣವನ್ನು ಕೊಡಬಲ್ಲಷ್ಟು ಪ್ರೀತಿಯಿಲ್ಲದೆ ಮದುವೆಯಾಗಲಾರೆನೆಂದು ಶಾರ್ಲಟ್ ಸೌಮ್ಯವಾಗಿ ನಿರಾಕರಿಸಿದಳು. ಕೈಯಲ್ಲಿ ಕಾಸಿಲ್ಲದ ಇಪ್ಪತ್ತೆರಡು ವರುಷದ ಹೆಣ್ಣು, ಆ ಕಾಲದಲ್ಲಿ, ಯೋಗ್ಯನೊಬ್ಬನನ್ನು ಹೀಗೆ ನಿರಾಕರಿಸುವುದು ಸಣ್ಣ ಧೈರ್ಯವಲ್ಲ. ಅದರ ಬದಲಿಗೆ ಎರಡು ಮನೆಗಳಲ್ಲಿ ಮಕ್ಕಳ ಶಿಕ್ಷಕಿಯಾಗಿ ದುಡಿದಳು. ಸ್ವಂತ ಶಾಲೆಯನ್ನು ತೆರೆಯುವ ಆಸೆಯಿಂದ, ಅತ್ತೆಯಂತೆ ಮನೆಯನ್ನು ಆಳುತ್ತಿದ್ದ ದೊಡ್ಡಮ್ಮನ ಹಣದಿಂದ, ೧೮೪೨ರಲ್ಲಿ ಎಮಿಲಿಯೊಡನೆ ಬ್ರಸೆಲ್ಸ್ ಪಟ್ಟಣಕ್ಕೆ ಹೋಗಿ ಫ್ರೆಂಚ್ ಭಾಷೆಯನ್ನು ಕಲಿತಳು. ಎರಡನೆಯ ಸಲ ಒಬ್ಬಳೇ ಹೋದಾಗ, ರಜೆಯ ಒಂಟಿತನವನ್ನು ತಾಳಲಾರದೆ ಒಂದು ಸಂಜೆ ಕಥೋಲಿಕ ದೇವಾಲಯವನ್ನು ಹೊಕ್ಕು, ಪ್ರಾಟೆಸ್ಟಂಟ್ ಬೋಧಕರ ಮಗಳಾದ ತಾನು, ಪಾದ್ರಿಯ ಮುಂದೆ ಪಾಪನಿವೇದನೆ ಮಾಡಿದಳು. ‘ವಿಲೆಟ್’ ಎಂಬ ಕಾದಂಬರಿಯಲ್ಲಿ ಆಕೆಯು ಕಥೋಲಿಕರನ್ನು ಕುರಿತು ಬರೆದುದರಲ್ಲಿ ಬಹುಭಾಗವು ನ್ಯಾಯವಾದುದಲ್ಲ; ಆದರೆ ಆ ಸಂಜೆಯ ಮುದಿ ಪಾದ್ರಿಯ ದಯೆಯನ್ನು ಮಾತ್ರ ಆಕೆಯು ಮರೆಮಾಡಲಿಲ್ಲ.

೧೮೪೪ರಲ್ಲಿ ಹಾವರ್ತಿನ ಮನೆಯಲ್ಲಿಯೇ ಶಾಲೆಯನ್ನು ತೆರೆಯುವುದೆಂದು ಅಕ್ಕತಂಗಿಯರು ನಿಶ್ಚಯಿಸಿದರು. ವಿಜ್ಞಾಪನೆಯನ್ನು ಅಚ್ಚುಹಾಕಿಸಿದರು. ಊಟ, ವಸತಿ, ವಿದ್ಯೆಗೆ ವರುಷಕ್ಕೆ ೩೫ ಪೌಂಡು. ಫ್ರೆಂಚ್, ಜರ್ಮನ್, ಸಂಗೀತಗಳಿಗೆ ಬೇರೆ ಶುಲ್ಕ. ಶಾರ್ಲಟ್ ಪರಿಚಿತರಿಗೆಲ್ಲ ಕಾಗದ ಬರೆದಳು. ಊರು ದೂರವೆಂದರು, ಹವೆ ಚಳಿಯೆಂದರು, ಮಕ್ಕಳನ್ನು ಬೇರೆಲ್ಲೋ ಈಗಾಗಲೇ ಸೇರಿಸಿಯಾಯಿತೆಂದರು. ಒಬ್ಬ ಹುಡುಗಿಯೂ ಬರಲಿಲ್ಲ. ಶಾಲೆಯ ಬಾಗಿಲನ್ನು ತೆರೆದಿಟ್ಟು ಜೂನ್ ತಿಂಗಳ ಮೊದಲ ದಿನ ದಾರಿ ಕಾಯುವುದೆಂದರೇನೆಂದು ಬಲ್ಲ ನಮಗೆ, ಈ ಒಂದು ಸಂಗತಿಯು ಆಕೆಯ ಬದುಕಿನ ಇತರ ದೊಡ್ಡ ದುಃಖಗಳ ನಡುವೆಯೂ ಕಣ್ಣಿಗೆ ಬೀಳುತ್ತದೆ.

ಶಾಲೆಯು ನಡೆದಿದ್ದರೆ ಪುಸ್ತಕಗಳು ಹುಟ್ಟುತ್ತಿದ್ದವೋ ಇಲ್ಲವೋ. ೧೮೪೬ರಲ್ಲಿ ಮೂವರೂ ಗಂಡಸರದೆಂದು ತೋರುವ ಸುಳ್ಳುಹೆಸರುಗಳಿಂದ ಒಂದು ಪದ್ಯಸಂಗ್ರಹವನ್ನು ಸ್ವಂತ ಹಣದಿಂದ ಅಚ್ಚುಹಾಕಿಸಿದರು. ಎರಡು ಪ್ರತಿಗಳು ಮಾರಾಟವಾದವು. ಅದೇ ವರುಷದ ಆಗಸ್ಟಿನಲ್ಲಿ ಪಾಟ್ರಿಕ್‌ರವರ ಕಣ್ಣಿನ ಪೊರೆಯನ್ನು ತೆಗೆಯಿಸಲು ಶಾರ್ಲಟ್ ಅವರನ್ನು ಮ್ಯಾಂಚೆಸ್ಟರಿಗೆ ಕರೆದುಕೊಂಡು ಹೋದಳು. ಅರಿವಳಿಕೆಯ ಔಷಧವು ಬಳಕೆಗೆ ಬರುವ ಮುಂಚಿನ ಮಾತು ಅದು. ತಂದೆಯು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕತ್ತಲೆಯ ಕೋಣೆಯಲ್ಲಿ ಮಲಗಿದ್ದಾಗ, ಮಗಳು ಬಾಡಿಗೆಯ ಮನೆಯಲ್ಲಿ ಕುಳಿತು ‘ಜೇನ್ ಏರ್’ ಬರೆಯತೊಡಗಿದಳು. ಕಥೆಯ ಕಡೆಯಲ್ಲಿ ನಾಯಕನಾದ ರಾಚೆಸ್ಟರನು ಕುರುಡನಾಗಿ, ಆ ಕತ್ತಲೆಯಲ್ಲಿ ದೇವರ ಕಡೆಗೆ ತಿರುಗಿ, ಒಂದು ಕಣ್ಣಿಗೆ ಬೆಳಕನ್ನು ಮರಳಿ ಪಡೆಯುವುದನ್ನು ಓದುವಾಗ ಇದನ್ನು ನೆನೆಯಬೇಕು. ಪುಸ್ತಕವು ೧೮೪೭ರ ಅಕ್ಟೋಬರ್ ೧೯ರಂದು ಲಂಡನಿನಲ್ಲಿ ಪ್ರಕಟವಾಯಿತು.

ಈಗ ಹುಡುಗಿಯರ ಪ್ರಶ್ನೆಗೆ ಬರುವೆನು. ಜೇನ್ ಎರಡು ಸಲ ಇಲ್ಲವೆನ್ನುತ್ತಾಳೆ. ಮೊದಲನೆಯದು ರಾಚೆಸ್ಟರನಿಗೆ. ಆತನ ಹುಚ್ಚುಹಿಡಿದ ಹೆಂಡತಿಯು ಬದುಕಿರುವಳೆಂದು ತಿಳಿದೊಡನೆ, ಪ್ರಾಣಕ್ಕಿಂತ ಪ್ರಿಯನಾದವನನ್ನು ಬಿಟ್ಟು ರಾತ್ರೋರಾತ್ರಿ ಹೊರಡುತ್ತಾಳೆ. ಆಕೆಯು ಹಾಗೆ ಮಾಡದಿದ್ದರೆ ಕೇಳುವ ತಂದೆಯಿಲ್ಲ, ತಲೆ ತಗ್ಗಿಸುವ ನಂಟರಿಲ್ಲ. ದೇವರ ಕಟ್ಟಳೆಯು ಶೋಧನೆಯಿಲ್ಲದ ದಿನಗಳಿಗಾಗಿ ಕೊಟ್ಟದ್ದಲ್ಲವೆಂಬುದೊಂದೇ ಆಕೆಗಿರುವ ಆಧಾರ. ಬಯಲಿನಲ್ಲಿ ಮಲಗಿ, ಹಂದಿಗೆ ಹಾಕಬೇಕೆಂದಿದ್ದ ಗಂಜಿಯನ್ನು ಬೇಡಿ ತಿಂದು, ಕಡೆಗೆ ಸೇಂಟ್ ಜಾನ್ ರಿವರ್ಸ್ ಎಂಬ ಬೋಧಕನ ಮನೆಯ ಬಾಗಿಲಲ್ಲಿ ಬೀಳುತ್ತಾಳೆ. ಆತನು ಆಕೆಗೆ ಒಂದು ಹಳ್ಳಿಯ ಹೆಣ್ಣುಮಕ್ಕಳ ಶಾಲೆಯನ್ನು ವಹಿಸುತ್ತಾನೆ. ಇಪ್ಪತ್ತು ಹುಡುಗಿಯರು, ಓದಬಲ್ಲವರು ಮೂವರು, ಬರೆಯಬಲ್ಲವರು ಒಬ್ಬರೂ ಇಲ್ಲ. ಮೊದಲ ದಿನ ಜೇನಳಿಗೆ ತಾನು ಕೆಳಕ್ಕಿಳಿದೆನೆಂದು ತೋರುತ್ತದೆ. ಹಾಗೆ ತೋರಿದ್ದಕ್ಕೆ ತನ್ನ ಮೇಲೆಯೇ ನಾಚುತ್ತಾಳೆ. ಹಳ್ಳಿಯ ಶಾಲೆಗೆ ಮೊದಲ ಬಾರಿ ಹೋದ ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ಪುಟವನ್ನು ತಾವೇ ಬರೆದಂತೆ ಓದಿಯಾರು.

ಎರಡನೆಯ ನಿರಾಕರಣೆಯು ಇನ್ನೂ ಕಠಿನವಾದುದು. ಸೇಂಟ್ ಜಾನನು ಕಪಟಿಯಲ್ಲ. ಬ್ರಾಕಲ್‌ಹರ್ಸ್ಟನಂತೆ ಸುಖದಲ್ಲಿದ್ದು ಪರರಿಗೆ ಉಪವಾಸವನ್ನು ಬೋಧಿಸುವವನಲ್ಲ. ತನ್ನನ್ನೇ ಮೊದಲು ಉರಿಸಿಕೊಂಡವನು. ಆತನು ಜೇನಳಿಗೆ ಹಿಂದುಸ್ಥಾನಿಯನ್ನು ಕಲಿಸುತ್ತಾನೆ. ಬಳಿಕ ಹೆಂಡತಿಯಾಗಿ ಬಾರೆಂದು ಕೇಳುತ್ತಾನೆ, ಪ್ರೀತಿಯಿಂದಲ್ಲ, ಕೆಲಸಕ್ಕಾಗಿ. ಇಲ್ಲಿ ಹುಡುಗಿಯರು ಸಾಮಾನ್ಯವಾಗಿ ಮರೆಯುವುದೊಂದುಂಟು. ಜೇನ್ ಹಿಂದುಸ್ಥಾನಕ್ಕೆ ಬರಲು ಒಪ್ಪಿದಳು. ಬಿಸಿಲಿನಲ್ಲಿ ಬೇಗ ಸಾಯುವೆನೆಂದು ತಿಳಿದೂ ಒಪ್ಪಿದಳು. ತಂಗಿಯಾಗಿ, ಜೊತೆಗೆಲಸದವಳಾಗಿ, ಸ್ವತಂತ್ರಳಾಗಿ ಬರುವೆನು. ಪ್ರೀತಿಯಿಲ್ಲದ ಮದುವೆಯಿಂದ ಬಾರೆನು, ಎಂಬುದೊಂದೇ ಆಕೆಯ ಷರತ್ತು. ಒಪ್ಪದವನು ಆತನು. ತನ್ನನ್ನು ನಿರಾಕರಿಸಿದರೆ ದೇವರನ್ನೇ ನಿರಾಕರಿಸಿದಂತೆಂದು ಆತನು ಹೇಳಿದಾಗ ಜೇನ್ ಬಹುಮಟ್ಟಿಗೆ ಬಗ್ಗಿಯೇಬಿಟ್ಟಿದ್ದಳು. ಸೇಂಟ್ ಜಾನನ ದೋಷವೆಲ್ಲ ಆ ಒಂದು ಮಾತಿನಲ್ಲಿದೆ. ಅವಿವಾಹಿತರಾದ ಹೆಂಗಸರನ್ನು ಉಪಾಧ್ಯಾಯಿನಿಯರಾಗಿ ಪೂರ್ವದೇಶಗಳಿಗೆ ಕಳುಹಿಸುವ ಒಂದು ಸಂಘವು ಲಂಡನಿನಲ್ಲಿ ೧೮೩೪ರಲ್ಲಿಯೇ ಹುಟ್ಟಿತ್ತು. ಆದುದರಿಂದ ಜೇನ್ ಕೇಳಿದ್ದು ಆಗದ ಮಾತಲ್ಲ. ಆಮೇಲೆ ನೂರು ವರುಷಗಳ ಕಾಲ ನಮ್ಮ ಕರಾವಳಿಗೂ ಬಯಲುಸೀಮೆಗೂ ಬಂದು ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದ ಮಿಸ್ಸಮ್ಮಂದಿರಲ್ಲಿ ಬಹಳ ಮಂದಿ ಜೇನ್ ಕೇಳಿದ ರೀತಿಯಲ್ಲಿಯೇ ಬಂದರು.

ಪುಸ್ತಕವನ್ನು ಎಲ್ಲರೂ ಹೊಗಳಲಿಲ್ಲ. ೧೮೪೮ರ ಡಿಸೆಂಬರಿನಲ್ಲಿ ಒಂದು ದೊಡ್ಡ ತ್ರೈಮಾಸಿಕವು ಇದನ್ನು ಕ್ರೈಸ್ತಧರ್ಮಕ್ಕೆ ವಿರುದ್ಧವಾದ ಬರವಣಿಗೆಯೆಂದು ಖಂಡಿಸಿತು. ಹೆಸರಿಲ್ಲದ ಆ ವಿಮರ್ಶೆಯನ್ನು ಬರೆದವಳೂ ಹೆಂಗಸೇ ಎಂದು ಆಮೇಲೆ ತಿಳಿಯಿತು. ಇಂಥ ಆಕ್ಷೇಪಣೆಗಳನ್ನು ಮೊದಲೇ ಕೇಳಿದ್ದ ಶಾರ್ಲಟ್ ಎರಡನೆಯ ಮುದ್ರಣದ ಮುನ್ನುಡಿಯಲ್ಲಿ, ಲೋಕರೂಢಿಯು ನೀತಿಯಲ್ಲ, ತನ್ನನ್ನು ತಾನೇ ನೀತಿವಂತನೆಂದುಕೊಳ್ಳುವುದು ಧರ್ಮವಲ್ಲ, ಒಂದನ್ನು ತೆಗಳಿದರೆ ಇನ್ನೊಂದನ್ನು ತೆಗಳಿದಂತಾಗದು ಎಂಬ ಅರ್ಥದಲ್ಲಿ ಉತ್ತರ ಕೊಟ್ಟಿದ್ದಳು. ನನಗೆ ತೋರುವ ಕೊರತೆಯು ಬೇರೆ. ಅಟ್ಟದಲ್ಲಿ ಕೂಡಿಹಾಕಿದ ಆ ಹುಚ್ಚಿಗೆ, ವೆಸ್ಟ್ ಇಂಡೀಸಿನಿಂದ ತಂದ ಆ ಹೆಂಗಸಿಗೆ, ಇಡೀ ಪುಸ್ತಕದಲ್ಲಿ ಒಂದು ಮಾತಿಲ್ಲ. ೧೯೬೬ರಲ್ಲಿ ಅದೇ ದ್ವೀಪಗಳಲ್ಲಿ ಹುಟ್ಟಿದ ಜೀನ್ ರಿಸ್ ಎಂಬ ಲೇಖಕಿಯು ಆಕೆಯ ಕಥೆಯನ್ನೇ ಬೇರೊಂದು ಕಾದಂಬರಿಯಾಗಿ ಬರೆದಳು; ದೊಡ್ಡ ಹುಡುಗಿಯರು ಎರಡನ್ನೂ ಓದಬೇಕು.

ಆ ವಿಮರ್ಶೆಯು ಹೊರಬಂದ ತಿಂಗಳಲ್ಲಿಯೇ, ಡಿಸೆಂಬರ್ ೧೯ರಂದು, ಎಮಿಲಿಯು ತೀರಿಕೊಂಡಳು. ಕುಡಿತದಿಂದ ಕೆಟ್ಟ ಬ್ರಾನ್‌ವೆಲ್ ಸೆಪ್ಟೆಂಬರಿನಲ್ಲಿ ಹೋಗಿದ್ದನು. ಮರುವರುಷದ ಮೇ ೨೮ರಂದು ಸ್ಕಾರ್ಬರೋ ಎಂಬ ಕಡಲತೀರದ ಊರಿನಲ್ಲಿ ಆನ್ ಹೋದಳು. ಎಂಟು ತಿಂಗಳಲ್ಲಿ ಮೂವರು. ರಾತ್ರಿ ಒಂಬತ್ತರ ಮೇಲೆ ಮೂವರು ಅಕ್ಕತಂಗಿಯರು ಮೇಜಿನ ಸುತ್ತ ತಿರುಗುತ್ತಾ ಬರೆದುದನ್ನು ಓದಿಕೊಳ್ಳುತ್ತಿದ್ದ ಕೋಣೆಯಲ್ಲಿ ಈಗ ಶಾರ್ಲಟ್ ಒಬ್ಬಳೇ ತಿರುಗುತ್ತಿದ್ದಳು. ಹಾಗೆಯೇ ‘ಶರ್ಲಿ’ಯನ್ನು ಮುಗಿಸಿದಳು, ‘ವಿಲೆಟ್’ ಬರೆದಳು.

ತಂದೆಯ ಕೈಕೆಳಗಿನ ಬೋಧಕರಾದ ಆರ್ಥರ್ ಬೆಲ್ ನಿಕಲ್ಸ್ ಅವರು ೧೮೫೨ರಲ್ಲಿ ಆಕೆಯನ್ನು ಮದುವೆಗೆ ಕೇಳಿದಾಗ ಪಾಟ್ರಿಕ್‌ರವರು ಕೋಪದಿಂದ ಬೆಂಕಿಯಾದರು. ಕಡೆಗೆ ಒಪ್ಪಿದರು. ೧೮೫೪ರ ಜೂನ್ ೨೯ರಂದು ಬೆಳಗ್ಗೆ ವಿವಾಹವೆಂದು ಗೊತ್ತಾಯಿತು. ಹಿಂದಿನ ರಾತ್ರಿ ಮುದುಕರು ತಾವು ದೇವಾಲಯಕ್ಕೆ ಬರುವುದಿಲ್ಲವೆಂದುಬಿಟ್ಟರು. ವಧುವನ್ನು ಒಪ್ಪಿಸಿಕೊಡುವವರಾರು? ಮನೆಯಲ್ಲಿದ್ದವರು ಆರಾಧನೆಯ ಪುಸ್ತಕವನ್ನು ತೆರೆದು ನೋಡಿದರು. ತಂದೆಯಾಗಲಿ ಸ್ನೇಹಿತರಾಗಲಿ ಒಪ್ಪಿಸಬಹುದೆಂದಿತ್ತು. ಮದುವೆಗೆ ಬಂದಿದ್ದ ಮಿಸ್ ವೂಲರ್ ಮುಂದೆ ಬಂದರು. ಇಪ್ಪತ್ತಮೂರು ವರುಷಗಳ ಹಿಂದೆ ಅಳುತ್ತಿದ್ದ ಹುಡುಗಿಯನ್ನು ಮೇಲಿನ ತರಗತಿಯಲ್ಲಿ ಕೂರಿಸಿದ ಉಪಾಧ್ಯಾಯಿನಿಯೇ ಆಕೆಯ ಕೈಯನ್ನು ವರನ ಕೈಗೆ ಕೊಟ್ಟರು.

ಮದುವೆಯಾದ ಮೇಲೆ ಶಾರ್ಲಟ್ ಸುಖವಾಗಿದ್ದಳು, ಒಂಬತ್ತು ತಿಂಗಳು. ೧೮೫೫ರ ಮಾರ್ಚ್ ೩೧ರ ಶನಿವಾರ ಬೆಳಗಿನ ಜಾವ, ಬಸುರಿಯಾಗಿದ್ದಾಗಲೇ, ಮೂವತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡಳು. ಹಾವರ್ತ್ ದೇವಾಲಯದ ನೆಲದ ಕೆಳಗೆ ತಾಯಿಯ, ಮರಿಯಾ ಎಲಿಜಬೆತರ, ತಮ್ಮನ, ಎಮಿಲಿಯ ಬಳಿಯಲ್ಲಿ ಆಕೆಯನ್ನು ಇಟ್ಟರು. ಆರು ಮಕ್ಕಳನ್ನೂ ಕಳುಹಿಸಿಕೊಟ್ಟ ತಂದೆಯು ೧೮೬೧ರವರೆಗೆ ಬದುಕಿದ್ದರು. ವಿದ್ಯಾರ್ಥಿನಿಯರು ಬಾರದೆ ಹೋದ ಆ ಮನೆಯು ೧೯೨೮ರಲ್ಲಿ ವಸ್ತುಸಂಗ್ರಹಾಲಯವಾಯಿತು. ಮಿಸ್ ವೂಲರ್ ತಮ್ಮ ಶಿಷ್ಯೆಗಿಂತ ಮೂವತ್ತು ವರುಷ ಹೆಚ್ಚು ಬದುಕಿ, ತೊಂಬತ್ತು ದಾಟಿದ ಬಳಿಕ, ೧೮೮೫ರಲ್ಲಿ ತೀರಿಕೊಂಡರು.